ನೀರಿನ ಮೇಲೆ ಒಂದು ಗೇಣು

ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿ, ಕಾರ್ತಿಕ ಮಾಸದ ಒಂದು ಶುಕ್ರವಾರ, ಬೆಳಗಿನ ಐದೂವರೆ. ನಂಜನಗೂಡಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಇದ್ದವರು ನಾಲ್ವರು: ಅಪ್ಪ, ಅಮ್ಮ, ಹತ್ತನೆಯ ತರಗತಿಯ ಅಕ್ಕ ವಿಶಾಲಾಕ್ಷಿ, ಏಳನೆಯ ತರಗತಿಯ ನಾನು. ಅಪ್ಪ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಅಮ್ಮ ಹರಳೆಣ್ಣೆಯ ಬಟ್ಟಲನ್ನು ಕೆಂಡದ ಮೇಲಿಟ್ಟು ಬೆಚ್ಚಗೆ ಮಾಡುತ್ತಿದ್ದಳು. ಅಕ್ಕ ಒಂದು ಕಪ್ಪು ಟ್ರೇಯನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದಳು.

ಆ ದಿನಗಳಲ್ಲಿ ನಮ್ಮ ಮನೆ ನಡೆಯುತ್ತಿದ್ದುದು ರೈಲಿನ ಹೊತ್ತಿಗೆ. ಅಪ್ಪ ಸ್ಟೇಷನ್ನಿನಲ್ಲಿ ಬುಕಿಂಗ್ ಗುಮಾಸ್ತರು. ಮೈಸೂರಿನ ಮೊದಲ ಗಾಡಿ ಕೂಗಿದಾಗ ಹಾಸಿಗೆ ಸುತ್ತಿರಬೇಕು, ಚಾಮರಾಜನಗರದ ಗಾಡಿ ಹೋಗುವ ಹೊತ್ತಿಗೆ ತಿಂಡಿ ಮುಗಿದಿರಬೇಕು. ಈಗಿನವರಿಗೆ ಇದು ಕ್ರೂರವಾಗಿ ಕಾಣಬಹುದು. ನಮಗೆ ಹಾಗೆ ಕಾಣಲಿಲ್ಲ. ಮುಂದಿನ ಗಂಟೆಯಲ್ಲಿ ಏನು ಮಾಡಬೇಕೆಂದು ಗೊತ್ತಿರುವುದರಲ್ಲಿ ಒಂದು ನೆಮ್ಮದಿಯಿತ್ತು.

ಮನೆಯಲ್ಲಿ ಉದ್ದನೆಯ ರಿಜಿಸ್ಟರೊಂದಿತ್ತು. ಪ್ರತಿದಿನದ ಕೆಲಸಗಳನ್ನು ಹಿಂದಿನ ದಿನವೇ ಅದರಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ಅದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ಗುರುತು. ಗುರುತು ಹಾಕಿದ ಮೇಲೆ ಅಳಿಸುವಂತಿಲ್ಲ. ಒಮ್ಮೆ ನಾನು ತುಳಸಿಗೆ ನೀರು ಹಾಕುವ ಮೊದಲೇ ಗುರುತು ಹಾಕಿ, ಆಮೇಲೆ ರಬ್ಬರಿನಿಂದ ಉಜ್ಜಿದ್ದೆ. ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ತಿದ್ದಿದ ರಿಜಿಸ್ಟರು ಯಾಕಮ್ಮಾ ಬೇಕು, ಒಲೆಗೆ ಹಾಕಿಬಿಡು" ಎಂದಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಮೂರು ದಿನ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯಲಿಲ್ಲ, ಅಷ್ಟೆ. ಮನೆಯಲ್ಲಿ ಎಲ್ಲರಿಗೂ ಕೆಲಸವಿದ್ದು ನನಗೆ ಮಾತ್ರ ಏನೂ ಇಲ್ಲದ ಆ ಮೂರು ದಿನಗಳನ್ನು ನಾನು ಮರೆಯಲಾರೆ. ಆಮೇಲೆ ನಾನು ಅಂಥ ತಪ್ಪು ಮಾಡಲಿಲ್ಲ. ಇಡೀ ಬೀದಿಯಲ್ಲಿ ನನ್ನಷ್ಟು ಅಚ್ಚುಕಟ್ಟಿನ ಹುಡುಗಿ ಇಲ್ಲವೆಂದು ಅಮ್ಮ ನೀರಿನ ಕೊಳಾಯಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಅಕ್ಕ ಅಚ್ಚುಕಟ್ಟಿನವಳಲ್ಲ. ಜಡೆ ಒಂದು ಕಡೆ, ರಿಬ್ಬನ್ನು ಒಂದು ಕಡೆ. ಸಾರಿನ ಮೇಲೆ ತೇಲುವ ಎಣ್ಣೆಯ ಕಣ್ಣುಗಳನ್ನು ಬೆರಳಿನಿಂದ ಒಂದಕ್ಕೊಂದು ಕೂಡಿಸುತ್ತಾ ಕೂತರೆ ಊಟ ಆರಿ ತಣ್ಣಗಾದರೂ ಅವಳಿಗೆ ಪರಿವೆಯಿಲ್ಲ. ಆದರೆ ಲೆಕ್ಕ ಮತ್ತು ವಿಜ್ಞಾನದಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿರಲಿಲ್ಲ. ಆ ವರ್ಷ ಟಿ. ನರಸೀಪುರದಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇಟ್ಟಿದ್ದರು. ಅವಳ ಸೈನ್ಸ್ ಮೇಷ್ಟ್ರು ಮೈಸೂರಿನಿಂದ ಒಂದು ಪುಟ್ಟ ಸೀಸೆ ತಂದುಕೊಟ್ಟರು. ಓಲಿಯಿಕ್ ಆಮ್ಲ ಅಂತ ಚೀಟಿ ಅಂಟಿಸಿತ್ತು. ಎಣ್ಣೆ, ತುಪ್ಪ, ಸೋಪು ಎಲ್ಲದರ ಹೊಟ್ಟೆಯಲ್ಲೂ ಇರುವ ಕೊಬ್ಬಿನ ಆಮ್ಲಗಳಲ್ಲಿ ಅದೊಂದು. ಬಿರಡೆ ತೆಗೆದರೆ ಹಳೇ ತುಪ್ಪದ ವಾಸನೆ.

ಅದರಲ್ಲಿ ಅಕ್ಕ ಮಾಡಲು ಹೊರಟಿದ್ದು ಅಣುವನ್ನು ಅಳೆಯುವ ಕೆಲಸ. ಕಪಿಲೆಯ ಸೋಪಾನಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಾ ಅವಳು ನನಗೆ ಅದನ್ನು ಬಿಡಿಸಿ ಹೇಳಿದಳು.

"ನೋಡು ಪುಟ್ಟಿ, ಆ ಅಣುವಿಗೆ ಒಂದು ತಲೆ, ಒಂದು ಉದ್ದನೇ ಬಾಲ. ತಲೆಗೆ ನೀರು ಅಂದ್ರೆ ಪ್ರಾಣ. ಬಾಲಕ್ಕೆ ನೀರು ಅಂದ್ರೆ ಆಗಲ್ಲ."

"ಹಾಗಾದ್ರೆ ಏನ್ಮಾಡತ್ತೆ ಪಾಪ?"

"ತಲೆಕೆಳಗಾಗಿ ನಿಂತ್ಕೊಳ್ಳತ್ತೆ. ತಲೆ ನೀರಲ್ಲಿ, ಬಾಲ ಮೇಲೆ. ನೀರಿನ ಒಳಗೂ ಹೋಗಲ್ಲ, ನೀರು ಬಿಟ್ಟು ಮೇಲಕ್ಕೂ ಬರಲ್ಲ."

ಎದುರಿಗೆ ಹೊಳೆಯಲ್ಲಿ ಮುಳುಗು ಹಾಕುವವರ ಸಾಲಿತ್ತು. ಅವಳು ಅತ್ತ ಕೈ ತೋರಿಸಿದಳು. "ಅಲ್ಲಿ ನೋಡು, ಹೆಗಲಿಗೆ ಹೆಗಲು ತಾಗಿಸಿ ನಿಂತಿದಾರಲ್ಲ, ಹಾಗೆ. ಜಾಗ ಇರೋವರೆಗೂ ಪಕ್ಕಕ್ಕೆ ಸರೀತಾ ಹೋಗತ್ತೆ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಲ್ಲ. ಹನಿಯಲ್ಲಿರೋದೆಲ್ಲ ಹೀಗೆ ಒಂದೇ ಪದರವಾಗಿ ನಿಂತುಬಿಟ್ರೆ, ಆ ಪದರದ ದಪ್ಪ ಎಷ್ಟೋ ಒಂದು ಅಣುವಿನ ಎತ್ತರ ಅಷ್ಟು. ಹನಿಯಲ್ಲಿ ಎಷ್ಟು ಎಣ್ಣೆ ಇದೆ ಅಂತ ನನಗೆ ಗೊತ್ತು. ಎಷ್ಟಗಲ ಹರಡಿತು ಅಂತ ಅಳೆದ್ರೆ ಸಾಕು."

"ಅಲ್ಲಿ ಬೇರೆ ಯಾರಾದ್ರೂ ಮೊದಲೇ ಬಂದು ನಿಂತಿದ್ರೆ?"

"ಆಗ ನಮ್ಮ ಹನಿಗೆ ಜಾಗ ಇರಲ್ಲ ಕಣೇ. ಅದಕ್ಕೇ ನೀರು ಅಷ್ಟು ಚೊಕ್ಕಟವಾಗಿರಬೇಕು."

ಟ್ರೇಯನ್ನು ಲಾಟೀನು ರಿಪೇರಿಯವನ ಹತ್ತಿರ ತಗಡಿನಲ್ಲಿ ಮಾಡಿಸಿ ಒಳಗೆ ಕಪ್ಪು ಬಣ್ಣ ಬಳಿಸಿದ್ದಾಯಿತು. ಎರಡು ವಾರ ಅವಳು ಹಿತ್ತಿಲ ಜಗಲಿಯಲ್ಲಿ ಪ್ರಯೋಗ ಮಾಡಿದಳು. ಟ್ರೇಯಲ್ಲಿ ನೀರು ತುಂಬಿ, ಅದು ಅಲುಗಾಡದೆ ನಿಂತ ಮೇಲೆ, ಅಮ್ಮ ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಮುಖದ ಪೌಡರನ್ನು ತೆಳುವಾಗಿ ಉದುರಿಸುವುದು. ಒಂದು ಪಾಲು ಆಮ್ಲವನ್ನು ಇನ್ನೂರೈವತ್ತು ಪಾಲು ಸ್ಪಿರಿಟ್ಟಿನಲ್ಲಿ ಕರಗಿಸಿ, ಆ ದ್ರಾವಣದ ಒಂದೇ ಒಂದು ಹನಿಯನ್ನು ನಡುವೆ ಬಿಡುವುದು. ಸ್ಪಿರಿಟ್ಟು ಹಾರಿಹೋಗಿ ಆಮ್ಲ ಮಾತ್ರ ಉಳಿಯುತ್ತದೆ. ಹನಿ ತಾಗಿದ್ದೇ ತಡ, ಪೌಡರು ಸುತ್ತಲಿಗೂ ಸರಿದು ನಡುವೆ ಕಪ್ಪನೆಯ ವೃತ್ತ ತೆರೆದುಕೊಳ್ಳುತ್ತಿತ್ತು. ಯಾರೋ ಒಳಗಿನಿಂದ ಬಾಗಿಲು ತಳ್ಳಿದ ಹಾಗೆ. ಅಗಲ ಒಂದು ಗೇಣು. ಮೊದಲ ಸಲ ಅದು ಆದಾಗ ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ. ಸ್ಕೇಲು ಹಿಡಿದು ಅಳೆದು, ಲೆಕ್ಕ ಮಾಡಿ, ತುಂಬಾ ಹೊತ್ತು ಕಾಗದವನ್ನೇ ನೋಡಿದಳು. "ಒಂದು ಸೆಂಟಿಮೀಟರಿನಲ್ಲಿ ಐವತ್ತು ಲಕ್ಷದ ಒಂದು ಪಾಲು" ಎಂದಳು. "ಯಾರೂ ಕಣ್ಣಲ್ಲಿ ನೋಡಕ್ಕಾಗದ್ದನ್ನ ನಾವು ಅಮ್ಮನ ಪೌಡರಲ್ಲಿ ಅಳೆದ್ವಿ ಪುಟ್ಟಿ."

ಆ ಎರಡು ವಾರ ಕುಂಟೆಬಿಲ್ಲೆಗೆ ಕರೆದರೂ ನಾನು ಹೋಗಲಿಲ್ಲ. ಬೀದಿಯಲ್ಲೆಲ್ಲ ಅವರೆಕಾಯಿ ಸೊಗಡಿನ ವಾಸನೆ. ಎಲ್ಲರ ಮನೆಯಲ್ಲೂ ಹೆಂಗಸರು ಮಕ್ಕಳು ಮೊರದ ಸುತ್ತ ಕೂತು ಅವರೆಬೇಳೆ ಹಿದುಕುವ ಕಾಲ. ನಾವಿಬ್ಬರು ಮಾತ್ರ ನೀರು ತುಂಬುವುದು, ಚೆಲ್ಲುವುದು.

ಟ್ರೇ ತೊಳೆಯುವ ವಿಷಯದಲ್ಲಿ ಅಮ್ಮನಿಗೂ ಅಕ್ಕನಿಗೂ ದಿನಾ ಜಗಳ. ಅಕ್ಕ ಅದನ್ನು ಬಟ್ಟೆ ಸೋಡದಲ್ಲಿ ಉಜ್ಜಿ ಕುದಿಯುವ ನೀರಿನಲ್ಲಿ ಆರು ಸಲ ಜಾಲಿಸುತ್ತಿದ್ದಳು. ಅಮ್ಮನನ್ನು ಹತ್ತಿರ ಬಿಡುತ್ತಿರಲಿಲ್ಲ.

"ಮಡಿಯಲ್ಲಿ ನಾನು ಬೆಳಗಿದ ಪಾತ್ರೇಲಿ ದೇವರಿಗೆ ನೈವೇದ್ಯ ಆಗತ್ತೆ. ನಿನ್ನ ತಗಡಿಗೆ ಆಗಲ್ವೇನೇ?"

"ದೇವರಿಗೆ ಜಿಡ್ಡು ನಡೆಯತ್ತೆ ಕಣಮ್ಮ. ಇದಕ್ಕೆ ನಡೆಯಲ್ಲ."

"ಓಹೋ, ದೇವರಿಗಿಂತ ದೊಡ್ಡದು!" ಎಂದು ಅಮ್ಮ ಗೊಣಗಿ ಒಳಗೆ ಹೋಗುತ್ತಿದ್ದಳು.

ಇಷ್ಟರ ನಡುವೆ ತಲಕಾಡಿನಿಂದ ದೊಡ್ಡಪ್ಪನ ಕಾಗದ ಬಂತು. ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿತ್ತು. ಇಬ್ಬರು ಸಣ್ಣ ಗಂಡುಮಕ್ಕಳು. ದೊಡ್ಡಪ್ಪನಿಗೆ ದೇವಸ್ಥಾನದ ಪೂಜೆ. ಮನೆಯಲ್ಲಿ ಒಲೆ ಹಚ್ಚುವವರಿಲ್ಲ. "ವಿಶಾಲು ಪರೀಕ್ಷೆ ಮುಗಿದ ಮೇಲೆ ಒಂದು ವರ್ಷದ ಮಟ್ಟಿಗೆ ಬಂದಿದ್ದರೆ ಉಪಕಾರವಾದೀತು" ಎಂದು ಬರೆದಿದ್ದರು. ದೊಡ್ಡಪ್ಪನೇ ಅಪ್ಪನನ್ನು ಓದಿಸಿದವರು. ಇಲ್ಲವೆನ್ನುವುದು ಸುಲಭವಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಟ್ಟೆ ನೋಡುತ್ತಲೇ ಹೇಳಿದಳು. "ಅಪ್ಪಾ, ನನಗೆ ಪಿಯುಸಿಗೆ ಸೈನ್ಸ್ ತಗೋಬೇಕು. ಮೈಸೂರಿಗೆ ದಿನಾ ರೈಲಲ್ಲಿ ಹೋಗಿಬರ್ತೀನಿ."

ಅಪ್ಪ ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದು ಬಂದು ಉತ್ತರ ಕೊಟ್ಟರು. "ನೀನು ಜಾಣೆ ಅಂತ ನಾನು ಹೇಳಿದರೆ ತಂದೆ ಹೇಳಿದ ಹಾಗೆ. ನಿನ್ನ ಮೇಷ್ಟ್ರು ಹೇಳಿದರೆ ಮೇಷ್ಟ್ರು ಹೇಳಿದ ಹಾಗೆ. ಗುರುತಿಲ್ಲದವರು ಹೇಳಲಿ. ನರಸೀಪುರದಲ್ಲಿ ನಿನಗೆ ಬಹುಮಾನ ಬಂದರೆ ಅಣ್ಣನ ಕಾಲು ಹಿಡಿದು ಬೇರೆ ವ್ಯವಸ್ಥೆ ಮಾಡ್ತೀನಿ. ಬರಲಿಲ್ಲ ಅಂದ್ರೆ ತಲಕಾಡು. ಒಪ್ಪಿಗೇನಾ?"

"ಒಪ್ಪಿಗೆ" ಎಂದಳು ಅಕ್ಕ. ಅವಳಿಗೆ ಅನುಮಾನವೇ ಇರಲಿಲ್ಲ. ಹನಿ ಬಿಟ್ಟರೆ ವೃತ್ತ ಆಗಲೇಬೇಕು. ಅದು ಯಾರ ಮುಖವನ್ನೂ ನೋಡಿ ಆಗುವಂಥದ್ದಲ್ಲ.

ಆ ಶುಕ್ರವಾರ ಅಕ್ಕ ಎಣ್ಣೆಸ್ನಾನ ಬೇಡವೆಂದಳು. ಹೆಣ್ಣುಮಕ್ಕಳಿಗೆ ಶುಕ್ರವಾರದ ಎಣ್ಣೆ ತಪ್ಪಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಮ್ಮ ಬಟ್ಟಲು ಹಿಡಿದು ನಿಂತಳು.

"ಒಳ್ಳೇ ಕೆಲಸಕ್ಕೆ ಹೊರಟಿದೀಯ. ನೆತ್ತಿಗೆ ಒಂದು ತೊಟ್ಟಾದ್ರೂ ಮುಟ್ಟಿಸ್ಕೋಬಾರದಾ?"

"ಒಂದು ತೊಟ್ಟೇ ಕಣಮ್ಮ ತೊಂದರೆ."

"ಹೋಗಲಿ, ಪುಟ್ಟಿಗಾದ್ರೂ ಹಾಕ್ತೀನಿ. ಇಬ್ಬರೂ ಬಿಟ್ರೆ ಮನೆಗೆ ಒಳ್ಳೇದಲ್ಲ."

ನನ್ನ ತಲೆಯ ಮೇಲೆ ಬೆಚ್ಚನೆಯ ಹರಳೆಣ್ಣೆ ಬಿತ್ತು. ತಲೆ, ಕತ್ತು, ಕೈ, ಬೆರಳ ಸಂದಿ. ಸೀಗೇಕಾಯಿ ಹಾಕಿ ತಿಕ್ಕಿದ್ದೇನೋ ನಿಜ, ಆದರೆ ಹರಳೆಣ್ಣೆ ಸುಮ್ಮನೆ ಹೋಗುವ ಎಣ್ಣೆಯಲ್ಲ. ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದಳು: "ಪುಟ್ಟಿ, ನೀನು ಇವತ್ತು ಪುಸ್ತಕ, ಸ್ಕೇಲು ಅಷ್ಟೇ ಹಿಡ್ಕೋ. ಟ್ರೇ, ನೀರು ಮುಟ್ಟಬೇಡ. ಆಯ್ತಾ?"

"ಆಯ್ತು ಅಕ್ಕಾ."

ಹೊರಡುವ ಮೊದಲು ಅಪ್ಪ ರಿಜಿಸ್ಟರು ತೆರೆದರು. ಅಂದಿನ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಅಕ್ಕ ಬೆಳಿಗ್ಗೆ ಹೊಸದಾಗಿ ಸೇರಿಸಿದ್ದಳು: ನೀರಿಗೆ ಕೈ ತಾಗಿಸುವುದಿಲ್ಲ. ಮುಗಿದ ಮೇಲೆ ಹಾಕಬೇಕಾದ ಗುರುತನ್ನು ನಾನು ಆಗಲೇ ಹಾಕಿಬಿಟ್ಟೆ. ಮಾಡಬಾರದ ಕೆಲಸಕ್ಕೆ ಮುಗಿಯುವುದು ಎಂಬುದೆಲ್ಲಿ ಎಂದು ಹನ್ನೆರಡು ವರ್ಷದ ನನ್ನ ತರ್ಕ. ಅಪ್ಪ ನೋಡಿದರು, ಹುಬ್ಬೇರಿಸಿದರು, ರಿಜಿಸ್ಟರು ಮುಚ್ಚಿದರು.

ಸೈನ್ಸ್ ಮೇಷ್ಟ್ರ ಹೆಂಡತಿಗೆ ಹೆರಿಗೆಯಾಗಿ ಅವರು ರಜೆಯಲ್ಲಿದ್ದರು. ಅಪ್ಪನೇ ಒಂದು ದಿನದ ರಜೆ ಹಾಕಿ ನಮ್ಮನ್ನು ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ಟ್ರೇ ಅಕ್ಕನ ತೊಡೆಯ ಮೇಲೆ, ಅವರೆಕಾಳು ಉಪ್ಪಿಟ್ಟಿನ ಡಬ್ಬಿ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಕೊಯ್ಲಿಗೆ ಬಂದ ಬತ್ತದ ಗದ್ದೆಗಳು. ಅಕ್ಕ ಕಿಟಕಿಯ ಹೊರಗೆ ನೋಡದೆ ತುಟಿ ಅಲುಗಿಸುತ್ತಾ ತಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು.

ಪ್ರದರ್ಶನವಿದ್ದುದು ಒಂದು ಶಾಲೆಯ ಉದ್ದನೆಯ ಕೊಠಡಿಯಲ್ಲಿ. ನಮಗೆ ಕಿಟಕಿಯ ಪಕ್ಕದ ಮೇಜು. ಅಲ್ಲಿಯ ಜವಾನ ಸಿದ್ದಯ್ಯ ಎಂಬ ಮುದುಕ ಅಕ್ಕ ಹೇಳಿದಂತೆ ಬಾವಿಯಿಂದ ಹೊಸ ನೀರು ಸೇದಿ ತಂದುಕೊಟ್ಟ. "ಏನವ್ವಾ ಇದು, ತಟ್ಟೆ ತುಂಬ ನೀರ್ ಮಡಗಿ ಏನ್ ತೋರುಸ್ತೀಯ? ಮೀನ್ ಬುಡ್ತೀಯಾ?" ಎಂದು ನಗಾಡಿದ. ಅಕ್ಕನೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದು ಸಲ.

ತೀರ್ಪುಗಾರರು ಇಬ್ಬರು. ಮೈಸೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಹಿರಿಯರು ಒಬ್ಬರು, ಅವರ ಜೊತೆ ಬರೆದುಕೊಳ್ಳುವುದಕ್ಕೆ ಒಬ್ಬ ಕಿರಿಯರು. ಅವರು ಎರಡು ಮೇಜು ಆಚೆ ಇದ್ದಾಗ ಅಕ್ಕ, "ಹನಿ ಬಿಡೋ ಪಿಪೆಟ್ಟನ್ನ ಇನ್ನೊಂದ್ಸಲ ಸ್ಪಿರಿಟ್ಟಲ್ಲಿ ತೊಳ್ಕೊಂಡು ಬರ್ತೀನಿ, ನೋಡ್ಕೋ" ಎಂದು ಹೊರಗೆ ಹೋದಳು. ಟ್ರೇಯಲ್ಲಿ ನೀರು ಕನ್ನಡಿಯ ಹಾಗೆ ನಿಂತಿತ್ತು. ಪೌಡರು ಇನ್ನೂ ಹಾಕಿರಲಿಲ್ಲ.

ಆಗ ಕಿಟಕಿಯಿಂದ ಒಂದು ಹುಳ ಬಂದು ನೀರಿಗೆ ಬಿತ್ತು. ಎಳ್ಳಿನಷ್ಟು ಸಣ್ಣದು. ರೆಕ್ಕೆ ಬಡಿಯುತ್ತಾ ಕಪ್ಪು ನೀರಿನ ಮೇಲೆ ಗುಂಡಗೆ ಸುತ್ತತೊಡಗಿತು. ತೀರ್ಪುಗಾರರು ಪಕ್ಕದ ಮೇಜಿಗೆ ಬಂದರು. ಅಷ್ಟು ಚೊಕ್ಕಟದ ನೀರಿನಲ್ಲಿ ಹುಳ. ಅವರು ನೋಡಿದರೆ ಏನೆಂದುಕೊಂಡಾರು? ನಾನು ಬಾಗಿ ಬಲಗೈ ತೋರುಬೆರಳಿನ ತುದಿಯಿಂದ ಅದನ್ನು ಎತ್ತಿ ಲಂಗಕ್ಕೆ ಒರೆಸಿಕೊಂಡೆ. ನೀರು ಮತ್ತೆ ಕನ್ನಡಿಯಾಯಿತು. ನನಗೆ ಸಮಾಧಾನವಾಯಿತು.

ಅಕ್ಕ ಓಡಿಬಂದಳು. ಅವಳ ಹಿಂದೆಯೇ ತೀರ್ಪುಗಾರರು, ಅವರ ಹಿಂದೆ ಕೈಕಟ್ಟಿಕೊಂಡು ಅಪ್ಪ. ಅಕ್ಕ ಪೌಡರು ಉದುರಿಸಿದಳು. ತಲೆಯ ವಿಷಯ, ಬಾಲದ ವಿಷಯ ಹೇಳಿದಳು. ಒಂದು ಅಕ್ಷರವೂ ತೊದಲಲಿಲ್ಲ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಇಷ್ಟವಾದದ್ದು ಕಾಣುತ್ತಿತ್ತು. "ಸರಿ, ಹನಿ ಬಿಡಮ್ಮ" ಎಂದರು.

ಅಕ್ಕ ಹನಿ ಬಿಟ್ಟಳು.

ಪೌಡರು ಒಂದು ಕ್ಷಣ ಬಿರಿಯಿತು. ಆಮೇಲೆ ಮತ್ತೆ ಕೂಡಿಕೊಂಡಿತು. ನಡುವೆ ಎರಡು ಬೆರಳಗಲದ ಸೊಟ್ಟ ಕಲೆ ಉಳಿಯಿತು. ಅಷ್ಟೆ.

ಅಕ್ಕ ಕಾದಳು. ಅದು ದೊಡ್ಡದಾಗಲಿಲ್ಲ. ಹಿರಿಯರು ತಾವೇ ಸ್ಕೇಲು ತೆಗೆದುಕೊಂಡು ಅಳೆದು ಬಾಯಲ್ಲೇ ಲೆಕ್ಕ ಹಾಕಿದರು. "ನಿನ್ನ ಲೆಕ್ಕದ ಪ್ರಕಾರ ಪುಸ್ತಕದ ಅಣುವಿಗಿಂತ ನಂಜನಗೂಡಿನ ಅಣು ಮೂವತ್ತು ಪಟ್ಟು ದಪ್ಪ ಆಯ್ತಲ್ಲಮ್ಮ. ರಸಬಾಳೆ ತಿಂದಿದೆಯೋ ಏನೋ" ಎಂದರು. ಕಿರಿಯರು ನಕ್ಕರು. ಹಿರಿಯರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಈಗ ನನಗೆ ಅದು ಗೊತ್ತು.

"ಸಾರ್, ನೀರಿನ ಮೇಲೆ ಮೊದಲೇ ಏನೋ ಜಿಡ್ಡಿದೆ ಸಾರ್. ಅದಕ್ಕೇ ಜಾಗ ಸಿಗ್ತಿಲ್ಲ" ಎಂದಳು ಅಕ್ಕ.

"ಇರಬಹುದು. ಜಿಡ್ಡು ಎಲ್ಲಿಂದ ಬಂತು ಹೇಳು. ಕಾರಣ ತೋರಿಸಿದರೆ ನೀರು ಬದಲಾಯಿಸು, ಇನ್ನೊಂದು ಸಲ ನೋಡೋಣ. ಯಾರಾದರೂ ನೀರು ಮುಟ್ಟಿದರಾ?"

ಅಕ್ಕ ನನ್ನತ್ತ ತಿರುಗಿದಳು. "ಪುಟ್ಟಿ, ಮುಟ್ಟಿದ್ಯಾ?"

ನಾನು ನೋಡಿದ್ದು ಅಕ್ಕನನ್ನಲ್ಲ. ಅವಳ ಹೆಗಲ ಆಚೆ ನಿಂತಿದ್ದ ಅಪ್ಪನನ್ನು. ಬೆಳಿಗ್ಗೆ ನಾನು ಹಾಕಿದ್ದ ಕೆಂಪು ಗುರುತು ನೆನಪಾಯಿತು. ಅದನ್ನು ಅಳಿಸುವಂತಿಲ್ಲ. ಹೌದು ಅಂದರೆ ಆ ಗುರುತು ಸುಳ್ಳಾಗುತ್ತದೆ. ತಲಕಾಡು, ಮೈಸೂರು, ಅಕ್ಕನ ಕಾಲೇಜು ಯಾವುದೂ ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೋ ಏನೋ, ಅದನ್ನೂ ಈಗ ಆಣೆ ಮಾಡಿ ಹೇಳಲಾರೆ.

"ಇಲ್ಲ" ಎಂದೆ.

"ಬೇರೆ ಯಾರೂ ಬಂದಿಲ್ವಾ?"

"ಇಲ್ಲ. ನಾನು ಇಲ್ಲೇ ಇದ್ದೆ."

ಹಿರಿಯರು "ಹಾಗಾದರೆ ವಿಧಾನದಲ್ಲೇ ಎಲ್ಲೋ ತಪ್ಪಿದೆ, ಹುಡುಕಮ್ಮ" ಎಂದು ಮುಂದಿನ ಮೇಜಿಗೆ ಹೋದರು. ಅಲ್ಲಿ ಒಬ್ಬ ಹುಡುಗ ಸೈಕಲ್ ಡೈನಮೋದಿಂದ ದೀಪ ಉರಿಸುತ್ತಿದ್ದ. ದೀಪ ಹತ್ತಿತು. ಬಹುಮಾನ ಅವನಿಗೇ ಬಂತು.

ಅಪ್ಪ ಬಸ್ಸಿನ ಹೊತ್ತು ವಿಚಾರಿಸಲು ಹೊರಗೆ ಹೋದರು. ಕೊಠಡಿ ಖಾಲಿಯಾಗುತ್ತಿತ್ತು. ಅಕ್ಕ ನೀರು ಚೆಲ್ಲಿದಳು. ಸೋಡಾಪುಡಿ ಹಾಕಿ ಟ್ರೇ ಉಜ್ಜಿದಳು. ಸಿದ್ದಯ್ಯ ಶಾಲೆಯ ಒಲೆಯಿಂದ ಬಿಸಿನೀರು ತಂದುಕೊಟ್ಟ. ಆರು ಸಲ ಜಾಲಿಸಿದಳು. ಹೊಸ ನೀರು, ಪೌಡರು, ಒಂದು ಹನಿ.

ವೃತ್ತ ತೆರೆದುಕೊಂಡಿತು. ಅಂಚು ಎಲ್ಲಿಯೂ ಸೊಟ್ಟಗಿಲ್ಲದೆ, ಕಪ್ಪಗೆ, ಒಂದು ಗೇಣು.

"ಅಯ್ಯೋ, ಈಗ್ ಬತ್ತಲ್ಲವ್ವಾ!" ಎಂದ ಸಿದ್ದಯ್ಯ. "ಆ ಸಾಯೇಬ್ರು ಓಗ್ಬುಟ್ರಲ್ಲ, ಕರ್ಕಬರ್ಲಾ? ಜೀಪು ಇನ್ನೂ ಗೇಟ್ ತಾವ್ಲೇ ಇರ್ಬೇಕು."

ಜೀಪು ಹೊರಟ ಸದ್ದು ಅಷ್ಟರಲ್ಲೇ ಕೇಳಿಸಿತು. ಸಿದ್ದಯ್ಯ ಬಾಗಿಲವರೆಗೆ ಹೋಗಿ ಹಿಂದಿರುಗಿದ.

ಅಕ್ಕ ನನ್ನ ಬಲಗೈ ಹಿಡಿದು ತೋರುಬೆರಳನ್ನು ತನ್ನ ಮೂಗಿನ ಹತ್ತಿರ ತಂದು ಮೂಸಿದಳು. ಕೈಯನ್ನು ಮೆತ್ತಗೆ ಕೆಳಗೆ ಬಿಟ್ಟಳು. ಕೂಗಾಡುತ್ತಾಳೆಂದು ನಾನು ಕಣ್ಣು ಮುಚ್ಚಿದ್ದೆ.

"ಹೇಳಿದ್ರೆ ಏನಾಗ್ತಿತ್ತು ಪುಟ್ಟಿ?" ಎಂದಳು. "ನೀರು ಬದಲಾಯಿಸ್ತಿದ್ದೆ. ಅಷ್ಟೇ ತಾನೆ?"

ಅಷ್ಟರಲ್ಲಿ ಅಪ್ಪ ಬಂದರು. ಅಕ್ಕ, "ಈಗ ಬಂತು ಅಪ್ಪಾ, ನೋಡಿ" ಎಂದಳು. ಅಪ್ಪ ನೋಡಿದರು. ಸ್ವಲ್ಪ ಹೊತ್ತು ನಿಂತು ನೋಡಿದರು.

"ಆಗ ಯಾಕೆ ಬರಲಿಲ್ಲ?"

ಅಕ್ಕ ಸೀಸೆಯ ಬಿರಡೆಯನ್ನು ಒತ್ತಿ ಮುಚ್ಚಿದಳು. "ಗೊತ್ತಿಲ್ಲ ಅಪ್ಪಾ" ಎಂದಳು.

"ಗಾಡಿ ಬರುವಾಗ ಸಿಗ್ನಲ್ ಬೀಳಬೇಕು ಮಗೂ. ಹೋದ ಮೇಲೆ ಬಿದ್ದರೆ ನಾನು ತಾನೇ ಏನು ಮಾಡಲಿ?" ಎಂದು ಅಪ್ಪ ಟ್ರೇ ಸುತ್ತುವ ಪಂಚೆ ಕೊಡವಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕ ವಾದ ಮಾಡುತ್ತಿದ್ದಳೇನೋ. ಉಪ್ಪಿಟ್ಟಿನ ಡಬ್ಬಿ ತೆರೆಯದೆಯೇ ವಾಪಸು ಬಂತು.

ಅಕ್ಕ ತಲಕಾಡಿಗೆ ಒಂದು ವರ್ಷ ಅಂತ ಹೋದವಳು. ದೊಡ್ಡಮ್ಮ ಹನ್ನೊಂದು ವರ್ಷ ಹಾಸಿಗೆಯ ಮೇಲಿದ್ದರು. ಅವರು ತೀರಿಕೊಳ್ಳುವ ಹೊತ್ತಿಗೆ ಹುಡುಗರು ಕಾಲೇಜಿನಲ್ಲಿದ್ದರು, ದೊಡ್ಡಪ್ಪನಿಗೆ ಕಣ್ಣು ಮಂಜಾಗಿತ್ತು. ಒಲೆ ಆರಿಸುವ ಹಾಗಿರಲಿಲ್ಲ. ಅಕ್ಕನ ಮದುವೆಯ ಮಾತನ್ನು ಅಪ್ಪ ಎತ್ತಲಿ ಎಂದು ದೊಡ್ಡಪ್ಪ, ದೊಡ್ಡಪ್ಪ ಎತ್ತಲಿ ಎಂದು ಅಪ್ಪ ಸುಮ್ಮನಿದ್ದು ಕಾಲ ಮೀರಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅವಳು ಅಪ್ಪನಿಗೆ ಕಾಗದ ಬರೆದಳು, ಪುಟ್ಟಿಯನ್ನು ಸೈನ್ಸಿಗೇ ಸೇರಿಸಿ ಎಂದು. ಯಾವ ಪ್ರದರ್ಶನವೂ ಇಲ್ಲದೆ, ಗುರುತಿಲ್ಲದವರ ಮಾತೂ ಇಲ್ಲದೆ ಅಪ್ಪ ನನ್ನನ್ನು ಸೇರಿಸಿದರು. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿಬಂದವಳು ನಾನು. ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳೂ ನಾನು. ಪ್ರತಿವರ್ಷ ಈ ಪ್ರಯೋಗ ಬರುತ್ತಿತ್ತು. ವೃತ್ತ ಸೊಟ್ಟಗಾದರೆ ಯಾರು ಮುಟ್ಟಿದಿರಿ ಎಂದು ನಾನು ಒಂದು ಸಲವೂ ಕೇಳಲಿಲ್ಲ. ನೀರು ಬದಲಾಯಿಸಿ ಎಂದಷ್ಟೇ ಹೇಳುತ್ತಿದ್ದೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ, ಸೋಪಾನಕಟ್ಟೆಯ ಮೇಲೆ ಅಕ್ಕ ನನಗೆ ಹೇಳಿದಷ್ಟು ಚೆನ್ನಾಗಿ ಅದನ್ನು ಹೇಳಿಕೊಡಲು ನನ್ನಿಂದ ಆಗಲಿಲ್ಲ.

ಅಪ್ಪನಿಗೆ ಎಂಬತ್ತಾದಾಗ ಒಂದು ದಿನ ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ. ಹುಳ, ಬೆರಳು, ಸುಳ್ಳು. ಅವರು ಗಮನವಿಟ್ಟು ಕೇಳಿ, "ಯಾವ ಪ್ರದರ್ಶನ ಅಂದೆ?" ಎಂದರು. ನಿಜವಾಗಿಯೂ ಮರೆತಿದ್ದರು. ಅಕ್ಕ ತೀರಿಕೊಂಡು ಈಗ ನಾಲ್ಕು ವರ್ಷ. ಆ ಕಿಟಕಿ ಪಕ್ಕದ ಮೇಜಿನ ಮೇಲೆ ನಡೆದದ್ದನ್ನು ಬಲ್ಲವರು ಇನ್ನು ನಾನೊಬ್ಬಳೇ. ಕ್ಷಮಿಸು ಎಂದು ಕೇಳಲು ಅವಳಿಲ್ಲ, ಶಿಕ್ಷೆ ಕೊಡಲು ಅಪ್ಪನಿಲ್ಲ. ಅವಳು ಏನಾಗಬಹುದಿತ್ತು ಎಂಬುದನ್ನು ಅಳೆಯಲು ನನ್ನ ಹತ್ತಿರ ಯಾವ ಸ್ಕೇಲೂ ಇಲ್ಲ.

ಪ್ರದರ್ಶನದ ಆ ದಿನ ನಾವು ಮನೆ ತಲುಪಿದ್ದು ಸಾಯಂಕಾಲ ಐದಕ್ಕೆ. ಅಕ್ಕ ಕೈಕಾಲು ತೊಳೆದು ಸೀದಾ ಅಡಿಗೆಮನೆಗೆ ಹೋಗಿ ಅಮ್ಮನ ಜೊತೆ ಅವರೆ ಹಿದುಕಲು ಕೂತಳು. ಅಮ್ಮ ಮೊರವನ್ನು ಅವಳತ್ತ ಸರಿಸಿದಳು. ಅಪ್ಪ ಅಂಗಿ ಬಿಚ್ಚುವ ಮೊದಲೇ ಮೇಜಿನ ಮುಂದೆ ಕೂತು ಒಂದು ಕಾರ್ಡು ಬರೆದರು. ಅಣ್ಣನವರಿಗೆ ನಮಸ್ಕಾರಗಳು. ಪರೀಕ್ಷೆ ಮುಗಿದ ಮಾರನೆಯ ದಿನ ವಿಶಾಲುವನ್ನು ಕರೆತರುತ್ತೇನೆ. ಮಿಕ್ಕದ್ದು ಭೇಟಿಯಲ್ಲಿ. ಬರೆದು ಮುಗಿಸಿ ನನ್ನನ್ನು ಕರೆದರು.

"ಆರು ಗಂಟೆಗೆ ಡಬ್ಬಿ ತೆಗೀತಾರೆ. ಹಾಕಿ ಬಾ ಪುಟ್ಟಿ."

ಅಂಚೆ ಡಬ್ಬಿ ಇದ್ದುದು ಬೀದಿಯ ಕೊನೆಯ ತಿರುವಿನಲ್ಲಿ. ಇನ್ನೂರು ಹೆಜ್ಜೆ. ನಡುವೆ ಒಂದು ಸಲ ನಿಂತೆ. ಹಿಂದಿರುಗಿ ಹೋಗಿ ಅಪ್ಪನ ಮುಂದೆ ನಿಂತರೆ ಒಂದೇ ಮಾತಿನ ಕೆಲಸ. ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರು ಬರ್ತೀಯೇನೇ ಎಂದು ಕೂಗಿದರು. ಕೆಲಸ ಇದೆ ಎಂದೆ. ಡಬ್ಬಿ ನನ್ನ ತಲೆಗಿಂತ ಎತ್ತರದಲ್ಲಿತ್ತು. ತುದಿಗಾಲಲ್ಲಿ ನಿಂತು ಕಾರ್ಡನ್ನು ಸೀಳಿನೊಳಗೆ ತಳ್ಳಿದೆ. ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಮನೆಗೆ ಬಂದು, "ಹಾಕಿದೆ ಅಪ್ಪಾ" ಎಂದೆ.